ಬೆಳಗಿನ ಜಾವದವರೆಗೆ ಬದುಕುವ ರೇಡಿಯೋ

ಕಾಸಿಮೇಡಿಗೆ ಬನ್ನಿ. ಉತ್ತರ ಚೆನ್ನೈನ ರಾಯಪುರಂ ದಾಟಿ, ಮೀನುಗಾರಿಕೆ ಬಂದರಿನ ಹತ್ತಿರದ ಓಣಿಯೊಳಕ್ಕೆ ನಡೆಯಿರಿ. ಬಿಸಿಲು ನೆತ್ತಿ ಸುಡುತ್ತಿದೆ. ಚರಂಡಿಯಲ್ಲಿ ಕರಗುತ್ತಿರುವ ಐಸು, ಒಣಹಾಕಿದ ನೆತ್ತಿಲಿ ಮೀನು, ಡೀಸೆಲ್, ಹೊಸ ನೈಲಾನ್ ಬಲೆ, ಎಲ್ಲದರ ವಾಸನೆ ಬೆರೆತು ಗಂಟಲಿಗೆ ಅಂಟುತ್ತದೆ. ಈ ಕಥೆಯ ಮಟ್ಟಿಗೆ ನೀವು ಮೂವತ್ತಡಿ ಫೈಬರ್ ಬೋಟೊಂದರ ಐವರು ಪಾಲುದಾರರಲ್ಲಿ ಒಬ್ಬರು. ಬೋಟು ಐವರದ್ದು, ಬಲೆ ಐವರದ್ದು, ಸಾಲವೂ ಐವರದ್ದು. ಐವರಲ್ಲಿ ಇಂಗ್ಲಿಷ್ ಓದಬಲ್ಲವರು, ನಾಲ್ಕು ತಂತಿ ಜೋಡಿಸಬಲ್ಲವರು ನೀವೊಬ್ಬರೇ. ಹಾಗಾಗಿ ಬೋಟಿಗೆ ವೈರ್‌ಲೆಸ್ ಸೆಟ್ ಆರಿಸುವ ಹೊಣೆ ನಿಮ್ಮ ಹೆಗಲಿಗೆ ಬಿದ್ದಿದೆ.

ಅಂಗಿಯ ಒಳಜೇಬಿನಲ್ಲಿ ಐದು ಮನೆಗಳ ದುಡ್ಡಿದೆ. ಬೆವರಿಗೆ ನೋಟುಗಳು ಎದೆಗೆ ಅಂಟಿಕೊಂಡಿವೆ. ಅದರಲ್ಲಿ ಒಂದು ಪಾಲು ಹೆಂಗಸರ ಸಂಘದಿಂದ ಬಂದ ಸಾಲ, ಇನ್ನೊಂದು ಅಡವಿಟ್ಟ ಓಲೆಯ ಹಣ. ಕೈ ಮತ್ತೆ ಮತ್ತೆ ಜೇಬಿಗೆ ಹೋಗುತ್ತದೆ.

ಅಂಗಡಿಯವರು ಗಾಜಿನ ಕಟ್ಟೆಯ ಮೇಲೆ ಮೂರು ಸೆಟ್ ಇಡುತ್ತಾರೆ. ಮೊದಲನೆಯದಕ್ಕೆ ಬಣ್ಣದ ಪರದೆ, ಒಳಗೇ ಜಿಪಿಎಸ್, ಮುಚ್ಚಳದಡಿ ಕೆಂಪು ಗುಂಡಿ. ಎರಡನೆಯದು ಸಾದಾ ಕಪ್ಪು ಪೆಟ್ಟಿಗೆ, ಸುರುಳಿ ತಂತಿಯ ಮೈಕು. ಮೂರನೆಯದು ಹಳದಿ ಬಣ್ಣದ ಕೈಸೆಟ್. ಅದನ್ನು ನೀರಿಗೆ ಬಿಟ್ಟರೆ ತೇಲುತ್ತದೆ.

"ಇದು ಇಪ್ಪತ್ತೈದು ವಾಟ್. ಇದಕ್ಕಿಂತ ಮೇಲೆ ಯಾವುದೂ ಇಲ್ಲ," ಎನ್ನುತ್ತಾ ಅವರು ಮೊದಲನೆಯದನ್ನು ನಿಮ್ಮತ್ತ ದೂಡುತ್ತಾರೆ. ಚುಕ್ಕಾಣಿ ಹಿಡಿಯುವ ಅಣ್ಣ ಪಕ್ಕದಲ್ಲೇ ನಿಂತಿದ್ದಾರೆ. ಉಪ್ಪುನೀರಿಗೆ ಬಿರಿದ ಬೆರಳಿನಿಂದ ಪರದೆಯನ್ನು ಮೆಲ್ಲಗೆ ಮುಟ್ಟಿ ನಿಮ್ಮ ಮುಖ ನೋಡುತ್ತಾರೆ. "ಯಾವುದು ತಂಬೀ?"

ಬೆಲೆ ಕೇಳುವ ಮೊದಲು ನೀವು ಮಲ್ಟಿಮೀಟರ್ ಕೇಳುತ್ತೀರಿ.

ಅಂಗಡಿಯವರ ಹುಬ್ಬು ಮೇಲೇರುತ್ತದೆ, ಆದರೂ ಒಳಗಿನಿಂದ ತಂದುಕೊಡುತ್ತಾರೆ. ಹನ್ನೆರಡು ವೋಲ್ಟಿನ ಬ್ಯಾಟರಿಗೂ ಸೆಟ್ಟಿನ ಕೆಂಪು ತಂತಿಗೂ ನಡುವೆ ಮೀಟರ್ ಸಿಕ್ಕಿಸುತ್ತೀರಿ. ಬಣ್ಣದ ಪರದೆ ಬೆಳಗುತ್ತದೆ. ಸೆಟ್ ಯಾರೊಡನೆಯೂ ಮಾತಾಡುತ್ತಿಲ್ಲ, ಸುಮ್ಮನೆ ಕಿವಿಗೊಟ್ಟು ಕೂತಿದೆ ಅಷ್ಟೆ. ಮೀಟರ್ 0.8 ಆಂಪಿಯರ್ ತೋರಿಸುತ್ತದೆ. ತಂತಿ ಕಳಚಿ ಕಪ್ಪು ಪೆಟ್ಟಿಗೆಗೆ ಜೋಡಿಸುತ್ತೀರಿ: 0.4. ಅದರ ಪರದೆಯ ಬೆಳಕು ಆರಿಸಿದರೆ 0.35. ವಾಲ್ಯೂಮ್ ಪೂರ್ತಿ ಏರಿಸಿ ಸ್ಪೀಕರ್ ಕರಕರ ಎನ್ನುವಂತೆ ಮಾಡಿದರೆ ಅದೇ ಪೆಟ್ಟಿಗೆ 0.9ಕ್ಕೆ ಹೋಗುತ್ತದೆ. ಅಣ್ಣ ಅಂಕಿಗಳನ್ನು ನೋಡುತ್ತಾರೆ, ಅರ್ಥವಾಗುವುದಿಲ್ಲ. ನೀವು ಅವರಿಗೆ ಹೇಳಬೇಕಾದ್ದು ಒಂದೇ ಮಾತು. ಸಂಜೆ ನಾಲ್ಕಕ್ಕೆ ಹೊರಟ ಬೋಟು ಬೆಳಗಿನ ಜಾವದವರೆಗೆ ನೀರಿನ ಮೇಲಿರುತ್ತದೆ. ಅಷ್ಟೂ ಹೊತ್ತು ಸೆಟ್ ಮಾಡುವ ಕೆಲಸ ಕೇಳುವುದು. ಮಾತಾಡುವುದು ಎಲ್ಲ ಸೇರಿ ಹತ್ತು ನಿಮಿಷವಿದ್ದರೆ ಹೆಚ್ಚು. ಬ್ಯಾಟರಿಯನ್ನು ತಿಂದು ಮುಗಿಸುವುದು ಆ ಹತ್ತು ನಿಮಿಷವಲ್ಲ, ಕಿವಿಗೊಟ್ಟು ಕೂತ ಆ ಹನ್ನೊಂದು ಗಂಟೆ.

ಮಾತಾಡುವಾಗ ಎಷ್ಟು ಎಳೆಯುತ್ತದೆ ಎಂಬುದನ್ನೂ ನೋಡಬೇಕು. ಆಂಟೆನಾ ಇಲ್ಲದೆ ಮೈಕಿನ ಗುಂಡಿ ಒತ್ತಿದರೆ ಸೆಟ್ಟಿನೊಳಗಿನ ಟ್ರಾನ್ಸಿಸ್ಟರ್ ಸುಟ್ಟುಹೋಗಬಹುದು. ಹಾಗಾಗಿ ಆಂಟೆನಾದ ಬದಲಿಗೆ ಅಂಗಡಿಯ ಪರೀಕ್ಷೆಯ ಲೋಡನ್ನು ಕಪ್ಪು ಪೆಟ್ಟಿಗೆಯ ಹಿಂಬದಿಗೆ ತಿರುಗಿಸಿ ಬಿಗಿಯುತ್ತೀರಿ. ಗುಂಡಿ ಒತ್ತುತ್ತೀರಿ. 25 ವಾಟಿನಲ್ಲಿ ಮೀಟರ್ ಐದೂವರೆ ಆಂಪಿಯರ್‌ಗೆ ನೆಗೆಯುತ್ತದೆ. ಪಕ್ಕದ ಸಣ್ಣ ಗುಂಡಿ ಒತ್ತಿ 1 ವಾಟಿಗೆ ಇಳಿಸುತ್ತೀರಿ: ಒಂದು ಆಂಪಿಯರ್ ಚಿಲ್ಲರೆ. ಆ ಸಣ್ಣ ಗುಂಡಿ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ ಗುರುತು ಮಾಡಿಕೊಳ್ಳುತ್ತೀರಿ. ಕತ್ತಲಲ್ಲಿ ಬೇಕಾದೀತು.

ಇನ್ನು ಹಳದಿ ಕೈಸೆಟ್. ಅಂಗೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗುವುದಿಲ್ಲ. ಬೋಟು ಮಗುಚಿದರೆ ಕಪ್ಪು ಪೆಟ್ಟಿಗೆಯೂ ಅದರ ಬ್ಯಾಟರಿಯೂ ಬೋಟಿನ ಜೊತೆ ಮುಳುಗುತ್ತವೆ. ಇದೊಂದೇ ನಿಮ್ಮ ಕೊರಳಲ್ಲಿ ಉಳಿಯುವಂಥದ್ದು. ಬೇರೆ ಬ್ಯಾಟರಿ ಬೇಡ, ಕಂಬ ಬೇಡ, ತಂತಿ ಬೇಡ. ಡಬ್ಬದ ಮೇಲೆ ಬ್ಯಾಟರಿ ಇಷ್ಟು ಗಂಟೆ ಬಾಳುತ್ತದೆ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದೆ. ಕೈಪಿಡಿಯ ಸಣ್ಣ ಅಕ್ಷರಕ್ಕೆ ಕಣ್ಣು ಹತ್ತಿರ ತರುತ್ತೀರಿ. ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಕೇಳಿಸಿಕೊಳ್ಳುವುದು, ತೊಂಬತ್ತು ಪಾಲು ಮೌನ ಎಂದು ಹಿಡಿದು ಹಾಕಿದ ಲೆಕ್ಕ ಅದು. ಚೆನ್ನೈ ಬಂದರಿಗೂ ಎಣ್ಣೂರಿನ ಕಾಮರಾಜರ್ ಬಂದರಿಗೂ ಹಡಗುಗಳು ಓಡಾಡುವ ಈ ಕಡಲಿನಲ್ಲಿ ಕರೆಗೂ ಆಪತ್ತಿಗೂ ಎಲ್ಲರೂ ಕಿವಿಗೊಡುವ ಹದಿನಾರನೇ ಚಾನೆಲ್ ಅಷ್ಟು ಹೊತ್ತು ಮೌನವಾಗಿರುವುದಿಲ್ಲ.

ಇನ್ನೊಂದು ತೊಡಕು ಎತ್ತರದ್ದು. ಹಡಗು, ಬೋಟುಗಳ ಈ ವಿಎಚ್‌ಎಫ್ ಅಲೆ ಬಹುಮಟ್ಟಿಗೆ ನೇರಕ್ಕೆ ಹೋಗುತ್ತದೆ. ಭೂಮಿಯ ಬಾಗು ಅಡ್ಡ ಬಂದಲ್ಲಿ ಮಾತು ನಿಲ್ಲುತ್ತದೆ. ಆಂಟೆನಾ ನೀರಿನಿಂದ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು ಸುಮಾರು ನಾಲ್ಕರಿಂದ ಗುಣಿಸಿದರೆ ಅದು ಕಾಣುವ ದೂರ ಕಿಲೋಮೀಟರಿನಲ್ಲಿ ಸಿಗುತ್ತದೆ. ಬೋಟಿನಲ್ಲಿ ಕೂತು ಎದೆಮಟ್ಟದಲ್ಲಿ ಹಿಡಿದ ಕೈಸೆಟ್ ಒಂದು ಮೀಟರ್ ಎತ್ತರದಲ್ಲಿದ್ದರೆ ನಾಲ್ಕು ಕಿಲೋಮೀಟರ್. ನಾಲ್ಕು ಮೀಟರಿನ ಕೋಲಿನ ತುದಿಯಲ್ಲಿ ಆಂಟೆನಾ ಕಟ್ಟಿದರೆ ಎಂಟು. ಆಚೆಯವರ ಎತ್ತರದ್ದೂ ಇದಕ್ಕೆ ಕೂಡುತ್ತದೆ. ಅಂಥದೇ ಕೋಲಿರುವ ಇನ್ನೊಂದು ಬೋಟಿನೊಡನೆ ಹದಿನಾರು ಕಿಲೋಮೀಟರ್ ಮಾತಾಡಬಹುದು, ಐವತ್ತು ಮೀಟರ್ ಎತ್ತರದ ದಡದ ಗೋಪುರದೊಡನೆ ಸುಮಾರು ಮೂವತ್ತಾರು. ಅಲೆ ಬಾಗಿನಾಚೆ ಇಳಿದ ಮೇಲೆ ವಾಟ್ ಹೆಚ್ಚಿಸಿದರೆ ಹೆಚ್ಚೇನೂ ದಕ್ಕುವುದಿಲ್ಲ. ಕೋಲು ಎತ್ತರಿಸಿದರೆ ದಕ್ಕುತ್ತದೆ.

ಕಪ್ಪು ಪೆಟ್ಟಿಗೆ ಎಂದು ಬೆರಳು ತೋರುತ್ತೀರಿ. ಅಣ್ಣ ಬಣ್ಣದ ಪರದೆಯನ್ನು ಕೊನೆಯ ಸಲ ನೋಡಿ ಕಣ್ಣು ಕೀಳುತ್ತಾರೆ.

ಹಣ ಎಣಿಸಿ ಕೊಟ್ಟ ಮೇಲೆ ಕೈಯಲ್ಲಿ ಉಳಿಯುವುದು ಒಂದೇ ವಸ್ತುವಿಗೆ ಸಾಲುವಷ್ಟು. ಒಳ್ಳೆಯ ಆಂಟೆನಾ, ದಪ್ಪನೆ ಕೇಬಲ್, ಅದನ್ನು ಕಟ್ಟಲು ಕೊಳವೆ. ಇಲ್ಲವೇ ಹೊಸ ಬ್ಯಾಟರಿ. ಎರಡೂ ಆಗುವುದಿಲ್ಲ. ಬೋಟಿನಲ್ಲಿ ಹಳೆಯ ಯುಪಿಎಸ್‌ನಿಂದ ತೆಗೆದ ಏಳು ಆಂಪಿಯರ್-ಅವರ್ ಬ್ಯಾಟರಿಯೊಂದಿದೆ. ಹೊಸತರಲ್ಲಿ ಏಳು ಇದ್ದದ್ದು ಈಗ ನಾಲ್ಕೋ ನಾಲ್ಕೂವರೆಯೋ ಉಳಿದಿರಬಹುದು. 0.35ರಂತೆ ಹನ್ನೊಂದು ಗಂಟೆಗೆ 3.85. ಬೆಳಗಿನ ಜಾವ ಮೂರರವರೆಗೆ ಹೇಗೋ ತಲುಪುತ್ತದೆ. ಆಮೇಲೆ ಬರುವ ಪ್ರತಿ ಮಾತೂ ತಳ ಕೆರೆದು ತೆಗೆದದ್ದು. ಇತ್ತ ಕಳಪೆ ಆಂಟೆನಾ ಹಾಕಿದರೆ ಯಾವ ಬ್ಯಾಟರಿಯೂ ಅದನ್ನು ಸರಿಮಾಡಲಾರದು. ಹೊಟ್ಟೆಯೊಳಗೆ ಏನೋ ಕಿವುಚುತ್ತದೆ. ಆಂಟೆನಾ ಎನ್ನುತ್ತೀರಿ.

ಕೊನೆಗೆ ಕಾಗದಪತ್ರ. ನಮ್ಮ ದೇಶದಲ್ಲಿ ಇಂಥ ಸೆಟ್ ಇಟ್ಟುಕೊಳ್ಳಲು ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಪರವಾನಗಿ ಬೇಕು. ಅರ್ಧ ಬೆಲೆಗೆ ಸಿಗುವ, ರಸೀದಿಯಿಲ್ಲದ ವಾಕಿಟಾಕಿಯಲ್ಲೂ ಹದಿನಾರನೇ ಚಾನೆಲ್ ಕೇಳಿಸಬಹುದು. ಆದರೆ ಅದು ಉಪ್ಪುನೀರು ತಡೆಯಲೆಂದು ಮಾಡಿದ್ದಲ್ಲ, ಕಾನೂನಿನ ಮುಂದೆ ನಿಲ್ಲುವಂಥದ್ದೂ ಅಲ್ಲ. ಅರ್ಜಿಗೆ ಸಹಿ ಹಾಕುತ್ತೀರಿ.

ಪರವಾನಗಿ ಕೈಗೆ ಬರುವ ಹೊತ್ತಿಗೆ ಫೆಬ್ರವರಿ. ಇಂದು ಅಮಾವಾಸ್ಯೆ.

ಮಧ್ಯಾಹ್ನವೆಲ್ಲ ನೀವು ಬೋಟಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ತಂತಿ ಕಟ್ಟುತ್ತೀರಿ. ಕಾದ ಫೈಬರ್ ಮೊಣಕಾಲು ಸುಡುತ್ತದೆ. ಬ್ಯಾಟರಿಯ ತುದಿಗಳನ್ನು ಉಪ್ಪುಕಾಗದದಿಂದ ಉಜ್ಜಿ, ಹಸಿರು ಕಿಲುಬು ತೆಗೆದು, ಗ್ರೀಸ್ ಬಳಿಯುತ್ತೀರಿ. ಆಂಟೆನಾ ಕೇಬಲ್ಲಿನ ಜೋಡಣೆಗೆ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತುತ್ತೀರಿ. ಅಲ್ಲಿ ಒಂದು ಹನಿ ಉಪ್ಪುನೀರು ಇಳಿದರೂ ಮಾತು ಮೇಲೆ ಹೋಗುವ ಮೊದಲೇ ಸತ್ತುಹೋಗುತ್ತದೆ. ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಹಗ್ಗದಿಂದ ಬಿಗಿಯುತ್ತೀರಿ.

ನಾಲ್ಕಕ್ಕೆ ಎಂಜಿನ್ ಗುಡುಗುತ್ತದೆ. ಬಂದರಿನ ಕಪ್ಪು ನೀರು, ಸಾಲುಸಾಲು ಲಾಂಚುಗಳು, ಗೋಡೆಯ ಮೇಲೆ ಕೂತ ಕಾಗೆಗಳು ಹಿಂದೆ ಸರಿಯುತ್ತವೆ. ಅಲೆತಡೆಯ ಕಲ್ಲುಗಳಾಚೆ ಮೊದಲ ಅಲೆ ಬೋಟಿನ ಮೂತಿಯನ್ನು ಎತ್ತಿ ಕೆಳಗೆ ಬಡಿಯುತ್ತದೆ. ಬೆನ್ನುಹುರಿಯಲ್ಲಿ ಠಕ್ಕೆನ್ನುತ್ತದೆ.

ನೀವು ಸೆಟ್ ಹಚ್ಚುತ್ತೀರಿ. ಸುಂಯ್ ಎಂಬ ಸದ್ದು ಬೋಟನ್ನೆಲ್ಲ ತುಂಬುತ್ತದೆ. ಸ್ಕ್ವೆಲ್ಚ್ ಗುಂಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತೀರಿ. ಸದ್ದು ಅಡಗುವ ಆ ಗೆರೆಯಲ್ಲೇ ನಿಲ್ಲಿಸಬೇಕು. ಇನ್ನೂ ತಿರುಗಿಸಿದರೆ ದೂರದಿಂದ ಬರುವ ಸಣ್ಣ ದನಿಯೂ ಈ ಮೌನದೊಳಗೆ ಹೂತುಹೋಗುತ್ತದೆ. ಕಡಿಮೆ ತಿರುಗಿಸಿದರೆ ರಾತ್ರಿಯಿಡೀ ಸ್ಪೀಕರ್ ಬ್ಯಾಟರಿಯನ್ನು ತಿನ್ನುತ್ತದೆ. ನಂಟರ ಬೋಟೊಂದನ್ನು ಕರೆದು ನೋಡುತ್ತೀರಿ. "ಚೆನ್ನಾಗಿ ಕೇಳುತ್ತಿದೆ" ಎಂಬ ಉತ್ತರ ಬಂದಾಗ ಅಣ್ಣನ ಮುಖ ಅರಳುತ್ತದೆ.

ದಡ ತೆಳುವಾಗುತ್ತದೆ. ಮರೀನಾದ ದೀಪಸ್ತಂಭ ಕತ್ತಲಾದ ಮೇಲೆ ಕಣ್ಣು ಹೊಡೆಯಲು ಶುರುಮಾಡುತ್ತದೆ. ಉತ್ತರಕ್ಕೆ ಎಣ್ಣೂರಿನ ಚಿಮಣಿಗಳ ಕೆಂಪು ದೀಪ. ಜೇಬಿನ ಮೊಬೈಲಿನಲ್ಲಿ ಸಿಗ್ನಲ್ಲಿನ ಗೆರೆಗಳು ಒಂದೊಂದಾಗಿ ಆರಿ, ಕೊನೆಯದೂ ಹೋಗುತ್ತದೆ. ಈಗ ಮನೆಯವರ ಪಾಲಿಗೆ ನೀವು ಇಲ್ಲ.

ಕಡಲಿನಲ್ಲಿ ಈ ಮೌನ ಏನು ಮಾಡಬಲ್ಲದು ಎಂಬುದು ಗೊತ್ತಿಲ್ಲದವರು ನಮ್ಮಲ್ಲಿ ಯಾರಿದ್ದಾರೆ? 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಎದ್ದಾಗ ಕನ್ಯಾಕುಮಾರಿ, ಕೇರಳದ ನೂರಾರು ಮೀನುಗಾರರು ಆಳಕಡಲಲ್ಲಿದ್ದರು. ಎಚ್ಚರಿಕೆಯ ಮಾತು ಅವರಲ್ಲಿ ಅನೇಕರನ್ನು ಮುಟ್ಟಲೇ ಇಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ 'ಸುವರ್ಣ ತ್ರಿಭುಜ' ಎರಡು ಮೂರು ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣ್ ಕಡಲಿನ ತಳದಲ್ಲಿ ನೌಕಾಪಡೆಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ಆ ತಿಂಗಳುಗಳೆಲ್ಲ ಉಡುಪಿ, ಉತ್ತರ ಕನ್ನಡದ ಆ ಮನೆಗಳು ಫೋನ್ ಹಿಡಿದು ಕೂತಿದ್ದವು.

ಬೋಟಿನ ಮುಂದಿನ ಡಬ್ಬಿಯಲ್ಲಿ ಇಸ್ರೋ ರೂಪಿಸಿದ ಆಪತ್ತಿನ ಟ್ರಾನ್ಸ್‌ಮಿಟರೂ ಇದೆ. ಅದರ ಗುಂಡಿ ಒತ್ತಿದರೆ ಸಂಕೇತ ಉಪಗ್ರಹಕ್ಕೇರಿ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಇಳಿಯುತ್ತದೆ. ಅಲ್ಲಿಂದ ಚೆನ್ನೈನಲ್ಲಿರುವ ಕರಾವಳಿ ರಕ್ಷಣಾ ಪಡೆಯ ರಕ್ಷಣಾ ಸಮನ್ವಯ ಕೇಂದ್ರಕ್ಕೆ ಸುದ್ದಿ ಹೋಗುತ್ತದೆ. ಅದು ಮುಳುಗುವವರ ಕೂಗು. ಎದುರಿಗೆ ಬರುವ ಹಡಗಿಗೆ "ತಿರುಗಿಸು" ಎಂದು ಹೇಳಲು ಅದಕ್ಕೆ ಬರುವುದಿಲ್ಲ. ಅದನ್ನು ಹೇಳಬಲ್ಲದ್ದು ಈ ಕಪ್ಪು ಪೆಟ್ಟಿಗೆ ಮಾತ್ರ.

ದಡದಿಂದ ಇಪ್ಪತ್ತು ಕಿಲೋಮೀಟರ್. ಎಂಜಿನ್ ನಿಲ್ಲುತ್ತದೆ. ಮೌನ ಕಿವಿಗೆ ಬಡಿಯುತ್ತದೆ. ಬಲೆ ಇಳಿಸುತ್ತೀರಿ. ನೈಲಾನ್ ಎಳೆ ಅಂಗೈ ಉಜ್ಜುತ್ತಾ ಸರಸರನೆ ಹೋಗುತ್ತದೆ, ತೇಲುಬುಂಡೆಗಳು ಪಿಟಪಿಟನೆ ನೀರಿಗೆ ಬೀಳುತ್ತವೆ. ಎರಡು ಕಿಲೋಮೀಟರ್ ಬಲೆ ಕತ್ತಲಿನೊಳಕ್ಕೆ ಹರಡುತ್ತದೆ. ಅದರ ತುದಿಯ ಹಗ್ಗವನ್ನು ಬೋಟಿನ ಮೂತಿಗೆ ಕಟ್ಟುತ್ತಾರೆ. ಇನ್ನು ಬೋಟೂ ಬಲೆಯೂ ಒಟ್ಟಿಗೆ ನೀರಿನ ಸೆಳೆತಕ್ಕೆ ತೇಲುತ್ತವೆ. ಕೋಲಿನ ಮೇಲೆ ಕೆಂಪು ದೀಪ, ಅದರ ಕೆಳಗೆ ಬಿಳಿ ದೀಪ: ಬಲೆ ಬಿಟ್ಟಿದ್ದೇವೆ, ದಾರಿ ಬಿಡಿ ಎಂದು ಅದರರ್ಥ. ಪುಟ್ಟ ಎಲ್‌ಇಡಿಗಳು. ಎಷ್ಟು ದೂರಕ್ಕೆ ಕಂಡಾವು?

ಹನ್ನೊಂದು ಗಂಟೆ. ಅಂಗಿ ಇಬ್ಬನಿಗೆ ಒದ್ದೆಯಾಗಿ ಬೆನ್ನಿಗೆ ಅಂಟಿದೆ. ಇಬ್ಬರು ಟಾರ್ಪಾಲಿನಡಿ ಗೊರಕೆ ಹೊಡೆಯುತ್ತಿದ್ದಾರೆ. ಬ್ಯಾಟರಿಗೆ ಮೀಟರ್ ಹಿಡಿಯುತ್ತೀರಿ: 12.1 ವೋಲ್ಟ್.

"ಆಫ್ ಮಾಡು ತಂಬೀ," ಎನ್ನುತ್ತಾರೆ ಅಣ್ಣ. "ಬೇಕಾದಾಗ ಹಾಕಿದರಾಯಿತು. ಉಳಿಯುತ್ತದಲ್ಲ?"

ಉಳಿಯುತ್ತದೆ, ನಿಜ. ಬೆರಳು ಗುಂಡಿಯ ಮೇಲೆ ಕೂರುತ್ತದೆ. ಆರಿಸಿದರೆ ಬೆಳಿಗ್ಗೆ ಒಂದು ಜೋರು ಕರೆಗಾದರೂ ಕಸುವು ಮಿಗುತ್ತದೆ. ಆದರೆ ಆರಿದ ಸೆಟ್ಟಿಗೆ ಕಿವಿಯಿಲ್ಲ. ಬೇಕಾದಾಗ ಹಾಕುವುದು ಸರಿ, ಬೇಕಾಯಿತು ಎಂದು ಹೇಳುವವರು ಯಾರು? ನೀವು ಪರದೆಯ ಬೆಳಕನ್ನು ಅಂಕಿ ಕಾಣುವಷ್ಟಕ್ಕೆ ಮಾತ್ರ ಇಳಿಸುತ್ತೀರಿ. ವಾಲ್ಯೂಮನ್ನು ಪಿಸುಮಾತಿಗೆ ಇಳಿಸಿ, ಮೈಕನ್ನು ಕುತ್ತಿಗೆಯ ಹತ್ತಿರ ಸಿಕ್ಕಿಸಿಕೊಂಡು, ಬೋಟಿನ ಬದಿಗೆ ಒರಗುತ್ತೀರಿ. ಸೆಟ್ ಹಚ್ಚಿದಂತೆಯೇ ಇರುತ್ತದೆ.

ಒಂದು ಗಂಟೆ: 11.9. ಎರಡು ಗಂಟೆ: 11.8. ಉಪ್ಪು ಕಟ್ಟಿ ತುಟಿ ಬಿರಿದಿದೆ. ನಿದ್ದೆ ಹಿಂದಲೆಗೆ ಕೈ ಹಾಕಿ ಎಳೆಯುತ್ತದೆ. ಕಡಲ ಮೇಲೆ ಮಂಜು ಕವಿದು ದೀಪಸ್ತಂಭದ ಬೆಳಕೂ ಮಸುಕಾಗಿದೆ. ಬೋಟಿನಡಿ ನೀರು ಲೊಳಕ್ ಲೊಳಕ್ ಎನ್ನುತ್ತಲೇ ಇದೆ.

ಎರಡೂ ಮುಕ್ಕಾಲು.

ಕಿವಿಯ ಪಕ್ಕದಲ್ಲೇ ಒಂದು ಗಂಡುದನಿ ಮಾತಾಡುತ್ತದೆ. ಬೆಚ್ಚಿಬೀಳುತ್ತೀರಿ. ಹಡಗೊಂದು ಬಂದರಿನವರನ್ನು ಕರೆಯುತ್ತಿದೆ. ಹೆಸರು ಅರ್ಧಂಬರ್ಧ ತಿಳಿಯುತ್ತದೆ. ನಿದ್ದೆ ಹಾರಿಸುವುದು ಹೆಸರಲ್ಲ, ಆ ದನಿಯ ಶುದ್ಧಿ. ಕರಕರವಿಲ್ಲ, ಸುಂಯ್ ಎಂಬುದಿಲ್ಲ, ಎದುರು ಕೂತು ಮಾತಾಡಿದಷ್ಟು ಸ್ವಚ್ಛ. ಇಷ್ಟು ತಿಳಿಯಾಗಿ ಬರುವ ದನಿ ಹತ್ತಿರದ್ದೂ ಇರಬಹುದು.

ಎದ್ದು ನಿಲ್ಲುತ್ತೀರಿ. ಮಂಜಿನಲ್ಲಿ ದಕ್ಷಿಣಕ್ಕೆ ಕಣ್ಣು ನೆಡುತ್ತೀರಿ. ಮೊದಲು ಏನೂ ಇಲ್ಲ. ಆಮೇಲೆ ಒಂದು ಬಿಳಿ ದೀಪ. ಅದರ ನೇರ ಕೆಳಗೆ ಇನ್ನೊಂದು. ಅವೆರಡರ ಕೆಳಗೆ, ಅಕ್ಕಪಕ್ಕದಲ್ಲಿ, ಒಂದು ಕೆಂಪು, ಒಂದು ಹಸಿರು.

ಕೈಕಾಲು ತಣ್ಣಗಾಗುತ್ತವೆ. ಹಡಗಿನ ಎಡಬದಿಗೆ ಕೆಂಪು ದೀಪ, ಬಲಬದಿಗೆ ಹಸಿರು. ಒಂದೇ ಕಂಡರೆ ಅದು ಪಕ್ಕಕ್ಕೆ ಹೋಗುತ್ತಿದೆ ಎಂದರ್ಥ. ಎರಡೂ ಕಂಡರೆ, ಮೇಲಿನ ಬಿಳಿ ದೀಪಗಳು ಒಂದರ ಕೆಳಗೊಂದು ನಿಂತರೆ, ಅದರ ಮೂಗು ನಿಮ್ಮತ್ತಲೇ ಇದೆ.

"ಅಣ್ಣಾ! ಹಡಗು!"

ಟಾರ್ಪಾಲ್ ಹಾರುತ್ತದೆ. ಯಾರದೋ ಕಾಲಿಗೆ ಬಕೆಟ್ ತಾಗಿ ಉರುಳುತ್ತದೆ. ಅಣ್ಣ ಒಮ್ಮೆ ನೋಡುತ್ತಾರೆ. ಐದು ಕಿಲೋಮೀಟರ್ ಇರಬಹುದು. ಗಂಟೆಗೆ ಹನ್ನೆರಡು ನಾಟಿಕಲ್ ಮೈಲಿ ಓಡುವ ಹಡಗು ಒಂದು ನಿಮಿಷಕ್ಕೆ ಮುನ್ನೂರೆಪ್ಪತ್ತು ಮೀಟರ್ ನುಂಗುತ್ತದೆ. ಹದಿಮೂರು ನಿಮಿಷ. ಎರಡು ಕಿಲೋಮೀಟರ್ ಬಲೆ ಎಳೆಯಲು ಒಂದು ಗಂಟೆಯೂ ಸಾಲದು. ಫೈಬರ್ ಬೋಟು ಹಡಗಿನ ರಾಡಾರಿನಲ್ಲಿ ಅಲೆಗಳ ನಡುವೆ ಎದ್ದು ಕಾಣುವಂಥದ್ದಲ್ಲ.

ಅಣ್ಣ ಮೂತಿಗೆ ಹಾರುತ್ತಾರೆ. ಸೊಂಟದ ಚೂರಿ ಕೈಗೆ ಬಂದಿದೆ. ಹಗ್ಗ ಕೊಯ್ದರೆ ಬೋಟು ಬಿಡುಗಡೆ, ಬಲೆ ಕಡಲಿನ ಪಾಲು. ಆ ಬಲೆಯ ಕಂತು ಇನ್ನೂ ತೀರಿಲ್ಲ. ಚೂರಿಯ ಅಲಗನ್ನು ಹಗ್ಗದ ಮೇಲಿಟ್ಟು ಅವರು ತಿರುಗುತ್ತಾರೆ. "ಎರಡು ಸಲ ಕರೆ. ಆಮೇಲೆ ಕೊಯ್ಯುತ್ತೇನೆ."

ಮೈಕು ಬೆವರಿಗೆ ಜಾರುತ್ತದೆ. ಗುಂಡಿ ಒತ್ತುತ್ತೀರಿ.

ಬೀಪ್ ಬೀಪ್ ಎಂದು ಸೆಟ್ ಚೀರುತ್ತದೆ. ಅಂಕಿಗಳು ಒಮ್ಮೆ ಮಿನುಗಿ ಆರುತ್ತವೆ. ಸೆಟ್ ಸತ್ತಿತು.

ಬೆರಳು ಬಿಡುತ್ತೀರಿ. ಒಂದು ಕ್ಷಣ. ಅಂಕಿಗಳು ಮತ್ತೆ ಬರುತ್ತವೆ: 16. ಉಸಿರು ಬರುತ್ತದೆ. ಸೆಟ್ 25 ವಾಟಿನಲ್ಲಿದೆ. ಐದೂವರೆ ಆಂಪಿಯರ್ ಎಳೆದೊಡನೆ ಮುದಿ ಬ್ಯಾಟರಿ ಕುಸಿದು ಕೂತಿದೆ. ಬ್ಯಾಟರಿ ಪೂರ್ತಿ ಖಾಲಿಯಾಗಿಲ್ಲ, ಅಷ್ಟು ದೊಡ್ಡ ಗುಟುಕು ಕೊಡಲು ಅದಕ್ಕೆ ಆಗುತ್ತಿಲ್ಲ. ಸಣ್ಣ ಗುಟುಕು ಕೇಳಬೇಕು.

ಕತ್ತಲಲ್ಲಿ ಹೆಬ್ಬೆರಳು ಸಣ್ಣ ಗುಂಡಿಯನ್ನು ಹುಡುಕುತ್ತದೆ. ಸಿಕ್ಕಿತು. ಒತ್ತಿದ್ದೀರಿ. ಒಂದು ವಾಟ್.

ಒಂದು ವಾಟ್ ಸಾಕೇ? ಹಡಗಿನ ಆಂಟೆನಾ ಮೂವತ್ತು ಮೀಟರ್ ಮೇಲಿದೆ, ನಿಮ್ಮದು ನಾಲ್ಕು ಮೀಟರ್. ನಡುವೆ ಬೆಟ್ಟವಿಲ್ಲ, ಕಟ್ಟಡವಿಲ್ಲ, ಭೂಮಿಯ ಬಾಗೂ ಇಲ್ಲ. ಸಾಕು. ಸಾಕಾಗಲೇಬೇಕು.

ಗುಂಡಿ ಒತ್ತುತ್ತೀರಿ. ಅಂಕಿಗಳು ಮಂಕಾಗುತ್ತವೆ, ಆದರೆ ಆರುವುದಿಲ್ಲ. ಬಾಯಿಪಾಠ ಮಾಡಿದ ಇಂಗ್ಲಿಷ್ ಒಣಗಿದ ನಾಲಿಗೆಯಿಂದ ಉದುರುತ್ತದೆ. ಉತ್ತರಕ್ಕೆ ಬರುತ್ತಿರುವ ಹಡಗೇ, ನಿಮ್ಮ ಮುಂದೆ ಮೀನುಗಾರಿಕೆ ಬೋಟಿದೆ, ಬಲೆ ನೀರಿನಲ್ಲಿದೆ, ಸರಿಯಲಾರೆವು. 13 ಡಿಗ್ರಿ 12 ಮಿನಿಟ್ ಉತ್ತರ, 80 ಡಿಗ್ರಿ 30 ಮಿನಿಟ್ ಪೂರ್ವ. ನಿಮ್ಮ ಕೆಂಪು, ಹಸಿರು ಎರಡೂ ದೀಪ ಕಾಣುತ್ತಿವೆ. ಮುಗಿಸಿ ಬೆರಳು ಬಿಡುತ್ತೀರಿ.

ಸ್ಪೀಕರಿನಲ್ಲಿ ಏನೂ ಇಲ್ಲ.

ಕೆಂಪು, ಹಸಿರು. ಬಿಳಿ ದೀಪಗಳ ನಡುವಿನ ಅಂತರ ಹಿಗ್ಗಿದೆ. ಈಗ ಎಂಜಿನ್ನಿನ ಸದ್ದೂ ಇದೆ. ಕಿವಿಗಿಂತ ಮೊದಲು ಅದು ಅಂಗಾಲಿಗೆ ತಾಗುತ್ತದೆ, ಬೋಟಿನ ತಳದಿಂದ ಝುಂ ಎಂದು ಏರಿಬರುತ್ತದೆ. ಒಬ್ಬ ಟಾರ್ಚ್ ಬೀಸುತ್ತಿದ್ದಾನೆ. ಇನ್ನೊಬ್ಬ ಮುರುಗನ್ ದೇವರನ್ನು ಕರೆಯುತ್ತಿದ್ದಾನೆ. ಅಣ್ಣನ ಮೊಣಕೈ ಬಿಗಿಯುತ್ತದೆ.

ಎರಡನೇ ಸಲ. ಈ ಸಲ ಮೆಲ್ಲಗೆ, ಒಂದೊಂದೇ ಅಂಕಿ. ಅವಸರದ ಮಾತು ಮತ್ತೆ ಕೇಳಬೇಕಾಗುತ್ತದೆ, ಮತ್ತೆ ಹೇಳುವಷ್ಟು ಬ್ಯಾಟರಿ ಇಲ್ಲ. ಬೆರಳು ಬಿಡುತ್ತೀರಿ.

ಒಂದು. ಎರಡು. ಮೂರು.

"ಫಿಶಿಂಗ್ ಬೋಟ್, ಫಿಶಿಂಗ್ ಬೋಟ್. ಆಲ್ಟರಿಂಗ್ ಟು ಸ್ಟಾರ್‌ಬೋರ್ಡ್."

ಬಲಕ್ಕೆ ತಿರುಗಿಸುತ್ತಿದ್ದೇನೆ ಎಂದು ಹೇಳುತ್ತಿದೆ. ನೀವು ಕೂಗಿ ಹೇಳುತ್ತೀರಿ. ಯಾರೂ ನಂಬುವುದಿಲ್ಲ, ನೀವೂ ಪೂರ್ತಿ ನಂಬುವುದಿಲ್ಲ. ಅಷ್ಟು ದೊಡ್ಡ ಕಬ್ಬಿಣ ಹೇಳಿದೊಡನೆ ತಿರುಗುವುದಿಲ್ಲ. ಐವರೂ ದೀಪಗಳನ್ನೇ ನೋಡುತ್ತಾ ನಿಲ್ಲುತ್ತೀರಿ. ಬಿಳಿ ದೀಪಗಳು ಒಂದರ ಮೇಲೊಂದು ನಿಂತಿದ್ದವು ಮೆಲ್ಲಗೆ ಬೇರೆಬೇರೆಯಾಗುತ್ತವೆ. ಹಸಿರು ತೆಳುವಾಗುತ್ತದೆ. ಇನ್ನೂ ತೆಳು. ಹಸಿರು ಆರಿತು.

ಕೆಂಪು ಮಾತ್ರ. ಅದರ ಎಡಬದಿ ನಿಮಗೆ ಕಾಣುತ್ತಿದೆ.

ಅಣ್ಣ ಚೂರಿಯನ್ನು ಹಗ್ಗದಿಂದ ತೆಗೆಯುತ್ತಾರೆ, ಆದರೆ ಒರೆಗೆ ಹಾಕುವುದಿಲ್ಲ. ಕಟ್ಟಡದಷ್ಟು ಎತ್ತರದ ಕಪ್ಪು ಗೋಡೆ ಕತ್ತಲಿಗಿಂತ ಕಪ್ಪಾಗಿ ಹಾದುಹೋಗುತ್ತದೆ. ಸುಟ್ಟ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ. ಆಮೇಲೆ ಅದರ ಅಲೆ ಬರುತ್ತದೆ. ಬೋಟು ಏರುತ್ತದೆ, ಬೀಳುತ್ತದೆ, ಮತ್ತೆ ಏರುತ್ತದೆ, ನೀರು ಬದಿ ಹಾರಿ ಮೊಣಕಾಲಿಗೆ ಬರುತ್ತದೆ. ಹಗ್ಗ ಕಿರಗುಟ್ಟುತ್ತದೆ. ಬಲೆ ಹಿಡಿದುಕೊಂಡಿದೆ.

ಮೂರನೇ ಸಲ ಗುಂಡಿ ಒತ್ತಿ "ಥ್ಯಾಂಕ್ಯೂ" ಎನ್ನುತ್ತೀರಿ. ಆ ಮಾತು ಹೋಯಿತೋ ಇಲ್ಲವೋ ತಿಳಿಯುವುದಿಲ್ಲ. ಬೆರಳು ಬಿಡುವ ಹೊತ್ತಿಗೆ ಅಂಕಿಗಳು ಆರಿವೆ, ಈ ಸಲ ಮತ್ತೆ ಬರುವುದಿಲ್ಲ. ಮೊಣಕಾಲು ನಡುಗಲು ಶುರುವಾಗುವುದು ಈಗ. ಅಣ್ಣ ನೀರಿನ ಕ್ಯಾನ್ ಕೊಡುತ್ತಾರೆ. ಅರ್ಧ ಬಾಯಿಗೆ, ಅರ್ಧ ಎದೆಗೆ.

ಬಲೆ ಎಳೆದು ದಡ ಸೇರುವಾಗ ಕಾಸಿಮೇಡಿನಲ್ಲಿ ಹರಾಜು ಜೋರಾಗಿದೆ. ಬುಟ್ಟಿಯ ತಳದಲ್ಲಿ ವಂಜಿರಂ, ನಮ್ಮ ಕರಾವಳಿಯ ಅಂಜಲ್, ನಾಲ್ಕಾರು ಮಾತ್ರ. ಉಳಿದದ್ದು ಸಣ್ಣ ಮೀನು. ಮೀನು ಮಾರಿದ ಹಣದಿಂದ ಮೊದಲು ಕೊಳ್ಳುವುದು ಏನೆಂದು ಯಾರೂ ಚರ್ಚಿಸುವುದಿಲ್ಲ. ಹತ್ತು ಗಂಟೆಗೆ ಬ್ಯಾಟರಿ ಅಂಗಡಿಯ ಮುಂದಿದ್ದೀರಿ. ಹದಿನೆಂಟು ಆಂಪಿಯರ್-ಅವರಿನ ಸೀಸದ ಬ್ಯಾಟರಿ ಅಗ್ಗ, ಐದೂವರೆ ಕಿಲೋ ತೂಗುತ್ತದೆ, ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬೇಗ ಮುದಿಯಾಗುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ದುಬಾರಿ, ಹಗುರ. ಮುಕ್ಕಾಲು ಪಾಲು ಖಾಲಿಯಾದರೂ ಅದರ ವೋಲ್ಟೇಜ್ ಹೆಚ್ಚು ಇಳಿಯುವುದಿಲ್ಲ, ಸಾವಿರಾರು ಸಲ ಚಾರ್ಜ್ ಆಗುತ್ತದೆ. ಇವತ್ತಿನ ಜೇಬಿಗೆ ಸೀಸದ್ದೇ ಸರಿ. ಹದಿನೆಂಟರ ಅರ್ಧ ಒಂಬತ್ತು, ರಾತ್ರಿಗೆ ಬೇಕಾದದ್ದು ನಾಲ್ಕು. ಮಾತಾಡಲು ಧಾರಾಳವಾಗಿ ಉಳಿಯುತ್ತದೆ.

ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರ, ಎಲ್ಲಿಂದ ಹೊರಡುವವರೇ ಆಗಿರಲಿ, ನಾಡದೋಣಿಗೋ ಸಣ್ಣ ಬೋಟಿಗೋ ಸೆಟ್ ಕೊಳ್ಳುವವರಿಗೆ ಹೇಳುವುದಿಷ್ಟು. ಅಂಗಡಿಯಲ್ಲಿ ವಾಟ್ ಕೇಳುವ ಮೊದಲು, ಸುಮ್ಮನಿದ್ದಾಗ ಎಷ್ಟು ಆಂಪಿಯರ್ ತಿನ್ನುತ್ತದೆ ಎಂದು ಕೇಳಿ, ಮೀಟರ್ ಇಟ್ಟು ನೋಡಿ. ದುಡ್ಡು ಕಡಿಮೆಯಿದ್ದರೆ ಬಣ್ಣದ ಪರದೆ ಬಿಡಿ, ಆಂಟೆನಾದ ಎತ್ತರ ಬಿಡಬೇಡಿ. ಬ್ಯಾಟರಿಯನ್ನು ರಾತ್ರಿಯ ಲೆಕ್ಕದ ಎರಡರಷ್ಟಕ್ಕಿಂತ ಹೆಚ್ಚೇ ಇಟ್ಟುಕೊಳ್ಳಿ. ಒಂದು ವಾಟಿನ ಗುಂಡಿ ಎಲ್ಲಿದೆಯೆಂದು ಬೋಟಿನ ಪ್ರತಿಯೊಬ್ಬರ ಬೆರಳಿಗೂ ತಿಳಿದಿರಲಿ. ಮುಂದೆ ಕೈ ಆಡಿದಾಗ ತೇಲುವ ಕೈಸೆಟ್ ಒಂದನ್ನು ಕೊಂಡು ಚುಕ್ಕಾಣಿಯವರ ಕೊರಳಿಗೆ ಹಾಕಿ. ಮೊಬೈಲ್ ಸಿಗುವಷ್ಟು ದೂರದಲ್ಲಿದ್ದರೆ ಕರಾವಳಿ ರಕ್ಷಣಾ ಪಡೆಯ ಸಂಖ್ಯೆ 1554, ಅದರಾಚೆ ಹದಿನಾರನೇ ಚಾನೆಲ್. ಕಡಲಿಗೆ ಹೊರಟ ಮೇಲೆ ಏನೇ ಉಳಿತಾಯ ಮಾಡಿದರೂ ಆ ಸೆಟ್ಟನ್ನು ಮಾತ್ರ ಆರಿಸಬೇಡಿ.